ಅರ್ಜಿಯನ್ನೇ ಹಾಕದ ವೃದ್ಧರು

ಬಡ ವೃದ್ಧರಿಗೆ ಸರ್ಕಾರ ಕೊಡುವ ಸಹಾಯಧನದ ಮಾತು ಬಂದಾಗಲೆಲ್ಲ, ಅನರ್ಹರು ಎಷ್ಟು ಮಂದಿ ನುಸುಳಿದ್ದಾರೆ ಎಂಬ ಪ್ರಶ್ನೆಯೇ ಮೊದಲು ಏಳುತ್ತದೆ. ಅರ್ಹರಾಗಿದ್ದೂ ಅರ್ಜಿ ಹಾಕದವರು ಎಷ್ಟು ಎಂದು ಕೇಳುವವರು ಕಡಿಮೆ. ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಗಂಭೀರವಾದದ್ದು.

ಅಮೆರಿಕದಲ್ಲಿ 1974ರಿಂದ ಜಾರಿಯಲ್ಲಿರುವ ಸಪ್ಲಿಮೆಂಟಲ್ ಸೆಕ್ಯುರಿಟಿ ಇನ್‌ಕಮ್ ಎಂಬ ಯೋಜನೆ, 65 ವರ್ಷ ತುಂಬಿದ ಬಡವರಿಗೂ ಪ್ರತಿ ತಿಂಗಳು ನಗದು ಕೊಡುತ್ತದೆ. ಅರ್ಹ ವೃದ್ಧರಲ್ಲಿ ಅದನ್ನು ಪಡೆಯುವವರು ಹೆಚ್ಚುಕಡಿಮೆ ಅರ್ಧದಷ್ಟು ಎಂದು ಅಧ್ಯಯನಗಳು ಹೇಳುತ್ತ ಬಂದಿವೆ. ಇದಕ್ಕೆ ಸಂಕೋಚ, ಸ್ವಾಭಿಮಾನ, ತಿಳಿವಳಿಕೆಯ ಕೊರತೆಗಳನ್ನು ಕಾರಣವಾಗಿ ಕೊಡುವುದು ವಾಡಿಕೆ. ಅವು ಸುಳ್ಳಲ್ಲ, ಆದರೆ ನಿಯಮಗಳನ್ನು ಓದಿದ ಮೇಲೆ, ದೂರ ಉಳಿದವರ ಲೆಕ್ಕಾಚಾರವೂ ಅಷ್ಟೇನೂ ತಪ್ಪಲ್ಲ ಎನಿಸಿತು. ಒಂಟಿ ವ್ಯಕ್ತಿಯ ಉಳಿತಾಯ 2,000 ಡಾಲರ್, ದಂಪತಿಯದು 3,000 ಡಾಲರ್ ಮೀರಬಾರದು. ಈ ಮಿತಿ 1989ರಿಂದ ಕದಲಿಲ್ಲ. ವಾಸದ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ನಿಜ, ಆದರೆ ಕಾಯಿಲೆಯ ಕಾಲಕ್ಕೆಂದು ಬ್ಯಾಂಕಿನಲ್ಲಿ ಕೂಡಿಟ್ಟದ್ದನ್ನು ಹಿಡಿಯುತ್ತಾರೆ. ಸಣ್ಣ ಪಿಂಚಣಿ ಬರುತ್ತಿದ್ದರೆ ಅದರಲ್ಲಿ ತಿಂಗಳಿಗೆ 20 ಡಾಲರ್ ಬಿಟ್ಟು ಉಳಿದಷ್ಟನ್ನೂ ಸಹಾಯಧನದಿಂದ ಕಳೆಯುತ್ತಾರೆ. ಈ 20 ಡಾಲರ್ ಯೋಜನೆ ಹುಟ್ಟಿದ ದಿನದ ಮೊತ್ತವೇ. ಖರ್ಚಿನ ಪಾಲು ಕೊಡಲಾಗದೆ ಮಗನ ಮನೆಯಲ್ಲೇ ಉಂಡು ವಾಸಿಸುವ ತಾಯಿಗೆ ಪೂರ್ಣ ಮೊತ್ತದ ಮೂರನೇ ಒಂದು ಭಾಗ ಖೋತಾ ಆಗುತ್ತದೆ. (ಮಕ್ಕಳು ನೋಡಿಕೊಳ್ಳಲಿ ಎಂದು ಬುದ್ಧಿ ಹೇಳುವವರು ಈ ನಿಯಮವನ್ನು ಗಮನಿಸಬೇಕು.) ಇಷ್ಟೆಲ್ಲ ಕಳೆದು ಉಳಿಯುವ ಕೆಲವೇ ಡಾಲರುಗಳಿಗಾಗಿ ಬದುಕಿನ ಲೆಕ್ಕವನ್ನೆಲ್ಲ ಅಧಿಕಾರಿಯ ಮುಂದೆ ಬಿಚ್ಚಿಡಲು ಯಾರಿಗೆ ಮನಸ್ಸಾದೀತು? ದುರದೃಷ್ಟವೆಂದರೆ, ಬಹುತೇಕ ರಾಜ್ಯಗಳಲ್ಲಿ ಈ ಯೋಜನೆಯ ಜೊತೆಗೇ ಮೆಡಿಕೇಡ್ ವೈದ್ಯಕೀಯ ನೆರವೂ ಸಿಗುವುದರಿಂದ, ಅರ್ಜಿ ಹಾಕದವರು ಅದನ್ನೂ ಕಳೆದುಕೊಳ್ಳಬಹುದು.

ಬ್ರಿಟನ್ನಿನಲ್ಲಿ 2003ರಲ್ಲಿ ಬಂದ, ಕಡಿಮೆ ಆದಾಯದ ವೃದ್ಧರಿಗೆ ಪೂರಕ ಹಣ ಕೊಡುವ ಪೆನ್ಷನ್ ಕ್ರೆಡಿಟ್‌ನ ಕಥೆಯೂ ಹೀಗೆಯೇ. ಅರ್ಹರಲ್ಲಿ ಸುಮಾರು ಮೂರನೇ ಒಂದು ಭಾಗ ಅದನ್ನು ಕೇಳುವುದೇ ಇಲ್ಲವೆಂಬುದು ಸರ್ಕಾರದ್ದೇ ಅಂದಾಜು. 2024ರಲ್ಲಿ ಚಳಿಗಾಲದ ಇಂಧನ ಭತ್ಯೆಯನ್ನು ಮುಖ್ಯವಾಗಿ ಇದನ್ನು ಪಡೆಯುವವರಿಗೆ ಸೀಮಿತಗೊಳಿಸಿದಾಗ ಅರ್ಜಿಗಳು ಒಮ್ಮೆಲೇ ಏರಿದವು. ವೃದ್ಧರ ಸ್ವಾಭಿಮಾನ ಕೆಲವೇ ವಾರಗಳಲ್ಲಿ ಕರಗಿತೆಂದು ನಾನು ನಂಬುವುದಿಲ್ಲ; ಯೋಜನೆಯ ಸುದ್ದಿ ಮನೆಮನೆಗೆ ಮುಟ್ಟಿತು, ಕೇಳಿದರೆ ಸಿಗುವುದೂ ಹೆಚ್ಚಿತು.

ನ್ಯೂಜಿಲೆಂಡ್ 65 ದಾಟಿದ ಅರ್ಹ ನಿವಾಸಿಗಳಿಗೆ ಆದಾಯ, ಆಸ್ತಿಗಳ ಪರೀಕ್ಷೆಯಿಲ್ಲದೆ ಪಿಂಚಣಿ ಕೊಡುತ್ತದೆ. ಶ್ರೀಮಂತರಿಗೂ ಹಣ ಹೋಗುತ್ತದೆಂಬ ಆಕ್ಷೇಪ ಸರಿಯೇ, ಆದರೆ ಒಂದಂಶವನ್ನು ತೆರಿಗೆಯಲ್ಲಿ ಮರಳಿ ಪಡೆಯಬಹುದು. ಅಷ್ಟು ದೂರ ಹೋಗಲಾರದ ಸರ್ಕಾರಗಳೂ ತಮ್ಮ ಬಳಿ ಈಗಾಗಲೇ ಇರುವ ತೆರಿಗೆ ಮತ್ತು ಪಿಂಚಣಿಯ ದಾಖಲೆಗಳಿಂದ ಅರ್ಜಿಯನ್ನು ತಾವೇ ತುಂಬಿಸಿ, ಸಹಿಗೆ ಮಾತ್ರ ಜಾಗ ಬಿಟ್ಟು, ಆ ವೃದ್ಧರ ಮನೆಗೆ ಕಳುಹಿಸಬಹುದು.