ಒತ್ತಡ ನಿವಾರಣೆಗೆ ಲಿಂಕ್ ಒತ್ತಿರಿ

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಕಾಲೇಜುಗಳಿಗೆ ಬೀಗ ಬಿದ್ದಾಗ, ಶಿಕ್ಷಣ ಮಾತ್ರ ನಿಲ್ಲದು ಎಂಬ ಅಭಯ ಎಲ್ಲೆಡೆಯಿಂದ ಕೇಳಿಬಂತು. ನಿಲ್ಲಲಿಲ್ಲ, ನಿಜ, ಆನ್‌ಲೈನ್ ಆಯಿತು; ಮಲೆನಾಡಿನಲ್ಲಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿತು. ಗ್ರಾಮೀಣ ಭಾರತದಲ್ಲಿ ಇಂಟರ್ನೆಟ್ ಸೌಲಭ್ಯವಿರುವ ಮನೆಗಳು ಶೇ 15ರಷ್ಟು ಮಾತ್ರ ಎಂದು ಸರ್ಕಾರದ್ದೇ 2017–18ರ ಸಮೀಕ್ಷೆ ಹೇಳಿತ್ತು. ಆದರೆ ಲೆಕ್ಕ ಹಾಕುವ ಇಲಾಖೆ ಬೇರೆ, ಪಾಠ ಹೇಳಿಸುವ ಇಲಾಖೆ ಬೇರೆ. ಒಬ್ಬರ ಕಡತವನ್ನು ಇನ್ನೊಬ್ಬರು ಓದುವುದು ಸಭ್ಯತೆಯಲ್ಲವಷ್ಟೆ.

ಹೀಗಾಗಿ ಆಷಾಢದ ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು, ಕಾಲಿಗೆ ಹತ್ತಿದ ಉಂಬಳ ಕೀಳಲು ಮೂರನೆಯ ಕೈಯಿಲ್ಲದೆ ನಿಂತ ವಿದ್ಯಾರ್ಥಿಯು ಹಾಜರಿ ಕೂಗುವ ಹೊತ್ತಿಗೆ ಸರಿಯಾಗಿ ಸಿಗ್ನಲ್ ಕಳೆದುಕೊಂಡು ಗೈರುಹಾಜರಾಗುತ್ತಿದ್ದನು. ಅತ್ತ ಹಾಸಿಗೆಯಲ್ಲೇ ಲಾಗಿನ್ ಆಗಿ, ಮ್ಯೂಟ್ ಮಾಡಿ ನಿದ್ರಿಸಿದವನದು ನೂರಕ್ಕೆ ನೂರು ಹಾಜರಿ.

ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಕಲೆಯೂ ಆ ವರ್ಷ ಪರಿಪೂರ್ಣವಾಯಿತು. ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಅಂತ್ಯದೊಳಗೆ ಮುಗಿಸಲೇಬೇಕೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಜುಲೈ 6ರಂದು ಹೇಳಿತು. ವಿದ್ಯಾರ್ಥಿಗಳ ಮನಸ್ಸಿಗೆ ಧೈರ್ಯ ತುಂಬಲು ಕೇಂದ್ರ ಸರ್ಕಾರ ಜುಲೈ 21ರಂದು ‘ಮನೋದರ್ಪಣ’ ಎಂಬ ಕಾರ್ಯಕ್ರಮ ಆರಂಭಿಸಿತು. ಚಿವುಟುವುದಕ್ಕೂ ತೂಗುವುದಕ್ಕೂ ನಡುವೆ ಹದಿನೈದೇ ದಿನ. ಸರ್ಕಾರಿ ಕೆಲಸಕ್ಕೆ ಇಷ್ಟು ವೇಗ ಅಪರೂಪ!

ಕಾಲೇಜುಗಳು ಹಿಂದುಳಿಯುವುದುಂಟೆ? ಬೆಳಗಿನಿಂದ ಐದು ತರಗತಿಗಳನ್ನು ಪರದೆಯ ಮೇಲೆ ನೋಡಿ ಕಣ್ಣು ಕೆಂಪಗಾದವರಿಗಾಗಿ ಸಂಜೆ ‘ಒತ್ತಡ ನಿರ್ವಹಣೆ’ ಕುರಿತು ವೆಬಿನಾರ್. ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ ಇವು ಮುಗಿಯುವಾಗ ಮುಕ್ಕಾಲು ಗಂಟೆ ಕಳೆದಿರುತ್ತಿತ್ತು. ಆಮೇಲೆ ಸಂಪನ್ಮೂಲ ವ್ಯಕ್ತಿಗಳು, ಮೊಬೈಲ್ ನೋಡುವುದನ್ನು ಕಡಿಮೆ ಮಾಡಿ ಎಂದು ಮೊಬೈಲಿನಲ್ಲಿ ಒಂದೂವರೆ ಗಂಟೆ ಬೋಧಿಸುತ್ತಿದ್ದರು. ಭಾಗವಹಿಸುವುದು ಕಡ್ಡಾಯ, ಮಾತಾಡುವುದು ನಿಷಿದ್ಧ. ಕೊನೆಗೊಂದು ಅಭಿಪ್ರಾಯ ಪತ್ರ: ‘ನಿಮ್ಮ ಒತ್ತಡ ಎಷ್ಟು ಕಡಿಮೆಯಾಯಿತು?’ ಉತ್ತರಗಳು ಮೂರು: ತುಂಬಾ, ಬಹಳ, ಸಂಪೂರ್ಣ. ಇದನ್ನು ತುಂಬದವರಿಗೆ ಇ-ಸರ್ಟಿಫಿಕೇಟ್ ಇಲ್ಲ. (ಕಾಲೇಜಿನ ಮಾನ್ಯತೆಯ ಕಡತಕ್ಕೂ ಪ್ರತಿಗಳು ಬೇಕಲ್ಲ!)

ಗುಡ್ಡದ ಮೇಲಿನವನ ಅಭಿಪ್ರಾಯ ಪತ್ರ ಮಾತ್ರ ಲೋಡ್ ಆಗದೆ ಸುತ್ತುತ್ತಲೇ ಉಳಿದು, ಅವನ ಹೆಸರು ‘ಸ್ಪಂದಿಸದ ವಿದ್ಯಾರ್ಥಿಗಳ’ ಪಟ್ಟಿ ಸೇರಿತು. ಮರುದಿನ ಸಂದೇಶ ಬಂತು: ತಾವು ಒತ್ತಡದಲ್ಲಿರುವಂತೆ ಕಂಡುಬಂದಿದ್ದು, ಆಪ್ತಸಮಾಲೋಚನೆಗೆ ಕೆಳಗಿನ ಲಿಂಕ್ ಒತ್ತುವುದು, ಉತ್ತಮ ನೆಟ್‌ವರ್ಕ್ ಇರುವಲ್ಲಿ ಕುಳಿತಿರುವುದು, ಕ್ಯಾಮೆರಾ ಕಡ್ಡಾಯ.