ಮನೆಗೆ ಹೋಗಿ ಓದೋಣ

ಬೆಳಗ್ಗೆಯಿಂದ ನನ್ನ ಫೋನು ಸ್ಟೋರೇಜ್ ಫುಲ್, ಸ್ಟೋರೇಜ್ ಫುಲ್ ಅಂತ ಅಳ್ತಾ ಕೂತಿದೆ. ಕಾರಣ ನಮ್ಮ ಭಾವ. ಭಾನುವಾರ ಎಲ್ಲರೂ ಸೇರಿ ಮ್ಯೂಸಿಯಂಗೆ ಹೋಗಿದ್ವಿ, ಅಲ್ಲಿ ತೆಗೆದ ಫೋಟೋಗಳನ್ನೆಲ್ಲ ಒಂದೂ ಬಿಡದೆ ಫ್ಯಾಮಿಲಿ ಗ್ರೂಪಿಗೆ ಸುರಿದಿದ್ದಾರೆ. ಹೋಗ್ಲಿ, ಪ್ರತಿ ಗ್ರೂಪಲ್ಲೂ ಇಂಥವರೊಬ್ಬರು ಇರ್ತಾರೆ, ಗುಡ್ ಮಾರ್ನಿಂಗ್ ಗುಲಾಬಿಗಳ ಜೊತೆ ಇದೂ ಒಂದು ಮೂಲೇಲಿ ಬಿದ್ದಿರ್ಲಿ ಅಂದ್ಕೊಂಡು ತೆಗೆದು ನೋಡಿದ್ರೆ ಒಂದೇ ಒಂದು ಫೋಟೋದಲ್ಲೂ ವಸ್ತು ಇಲ್ಲ! ಬರೀ ಲೇಬಲ್. ಗಾಜಿನ ಪೆಟ್ಟಿಗೆ ಒಳಗೆ ವಸ್ತು ಪಕ್ಕ ಇಟ್ಟಿರ್ತಾರಲ್ಲ, ಆ ಚೀಟಿ. "ಮಡಕೆ. ಜೇಡಿಮಣ್ಣು." ಆಮೇಲೆ ಇನ್ನೊಂದು, "ಮಡಕೆ (ಒಡೆದದ್ದು). ಜೇಡಿಮಣ್ಣು." ಆಮೇಲೆ ಒಂದು ಪೂರ್ತಿ ಬಿಳಿ, ಅದು ಗಾಜಲ್ಲಿ ಟ್ಯೂಬ್‌ಲೈಟ್. ಮತ್ತೊಂದರಲ್ಲಿ ಭಾವನ ಹೆಬ್ಬೆರಳು, ಅದರ ಹಿಂದೆ ಯಾವುದೋ ಸಾಮ್ರಾಜ್ಯ.

ಭಾವನ ಸಿದ್ಧಾಂತ ಏನಪ್ಪಾ ಅಂದ್ರೆ, ಮ್ಯೂಸಿಯಂನಲ್ಲಿ ನಿಂತ್ಕೊಂಡು ಓದಬಾರದು, ಟೈಮ್ ವೇಸ್ಟು. "ಈಗ ಫೋಟೋ ತಗೊಂಡುಬಿಡೋಣ, ಮನೆಗೆ ಹೋಗಿ ನಿಧಾನಕ್ಕೆ ಓದೋಣ." ಮನೆಗೆ ಹೋಗಿ ಓದಿದ್ದಾರಾ? ಅಕ್ಕನ್ನ ಕೇಳಿ. ಮದುವೆ ಆದಾಗಿಂದ ತೆಗೆದಿರೋ ಲೇಬಲ್ಲೆಲ್ಲ ಹಾಗೇ ಇದೆ, ಒಂದು ಹಾರ್ಡ್ ಡಿಸ್ಕ್ ತುಂಬಿ ಎರಡನೇದು ನಡೀತಿದೆ.

ಆದ್ರೆ ನ್ಯಾಯವಾಗಿ ಮಾತಾಡೋದಾದ್ರೆ ತಪ್ಪೆಲ್ಲ ಭಾವಂದೇ ಅನ್ನೋಕಾಗಲ್ಲ. ಆ ಲೇಬಲ್ ಇಡೋ ಜಾಗ ನೋಡಿದೀರಲ್ಲ? ವಸ್ತು ಕಣ್ಣೆತ್ತರಕ್ಕೆ, ಲೇಬಲ್ ಮೊಣಕಾಲೆತ್ತರಕ್ಕೆ. ಇರುವೆ ಓದೋ ಸೈಜಿನ ಅಕ್ಷರ. ಬಗ್ಗಿದ್ರೆ ನಮ್ಮದೇ ತಲೆ ನೆರಳು ಅದರ ಮೇಲೆ ಬೀಳತ್ತೆ, ನೆರಳು ತಪ್ಪಿಸೋಕೆ ಸೊಂಟ ಓರೆ ಮಾಡಿದ್ರೆ ಹಿಂದೆ ಇರೋವ್ರಿಗೆ ಪ್ರದರ್ಶನಕ್ಕಿರೋದು ನಾವೇ ಆಗಿಬಿಡ್ತೀವಿ. ಲೈಟೂ ಮಂದ. ಅದಕ್ಕೇನೋ ಕಾರಣ ಇದೆ ಬಿಡಿ, ಹಳೇ ಬಟ್ಟೆ, ಕಾಗದ, ಬಣ್ಣ ಎಲ್ಲ ಬೆಳಕಿಗೆ ಮಾಸಿಹೋಗತ್ತೆ ಅಂತ ಅಂಥವಕ್ಕೆ 50 ಲಕ್ಸ್ ಆಸುಪಾಸಿನ ಬೆಳಕು ಸಾಕು ಅಂತ ಲೆಕ್ಕ ಇಟ್ಕೊಂಡಿದ್ದಾರೆ. ಬಟ್ಟೆ ಬಣ್ಣ ಉಳೀತು ಸರಿ, ನಮ್ಮ ಕಣ್ಣು?

ಈ ಸೊಂಟದ ಕಷ್ಟ ಹೊಸದೇನಲ್ಲ. ಬೋಸ್ಟನ್ನಿನ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನ ಸೆಕ್ರೆಟರಿ ಆಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅನ್ನೋರು 1916ರಲ್ಲೇ ಇದರ ಬಗ್ಗೆ ಲೇಖನ ಬರೆದಿದ್ರು, ಹೆಸರೇ 'ಮ್ಯೂಸಿಯಂ ಆಯಾಸ'. ಒಬ್ಬ ಮನುಷ್ಯನ್ನ ಮ್ಯೂಸಿಯಂ ಒಳಗೆ ಓಡಾಡಿಸಿ, ಪೆಟ್ಟಿಗೆ ಒಳಗಿರೋದನ್ನ ನೋಡೋಕೆ ಅವನು ಬಗ್ಗೋದು, ಕುಕ್ಕರಗಾಲಲ್ಲಿ ಕೂರೋದು, ಕತ್ತು ತಿರುಚೋದು ಎಲ್ಲ ಫೋಟೋ ತೆಗೆಸಿ ಹಾಕಿದ್ರು. ಪಾಪ, ಆ ಮನುಷ್ಯ ಒಳ್ಳೇ ಕೋಟು ಹಾಕ್ಕೊಂಡು ನೆಲಕ್ಕೆ ಬಗ್ಗಿದಾನೆ. ಅವನ ನೋಡಿದ್ರೆ ನಮ್ಮ ಭಾವನ್ನ ನೋಡಿದ ಹಾಗಾಗತ್ತೆ. ನೂರು ವರ್ಷದ ಮೇಲಾಯ್ತು, ಲೇಬಲ್ ಮಾತ್ರ ಮೊಣಕಾಲಿಂದ ಮೇಲೆ ಬಂದಿಲ್ಲ.

ಇಷ್ಟೆಲ್ಲ ಬಗ್ಗಿ ಓದಿದ್ರೆ ಸಿಗೋದೇನು? ಮಡಕೆ ಮುಂದೆ "ಮಡಕೆ". ಅದು ನಮಗೆ ಕಾಣ್ತಿದೆ ಸ್ವಾಮಿ! ಈಗಿನ ಇರಾಕಿನಲ್ಲಿರೋ ಉರ್ ಅನ್ನೋ ಪ್ರಾಚೀನ ಪಟ್ಟಣದಲ್ಲಿ ಲಿಯೊನಾರ್ಡ್ ವೂಲಿ ಅನ್ನೋ ಪುರಾತತ್ವಜ್ಞರು ಅಗೀತಾ ಇದ್ದಾಗ, 1925ರಲ್ಲಿ, ಒಂದೇ ಜಾಗದಲ್ಲಿ ಬೇರೆಬೇರೆ ಕಾಲದ ವಸ್ತುಗಳು ಜೊತೆಗೇ ಸಿಕ್ಕಿದ್ವಂತೆ. ಒಂದಕ್ಕೂ ಇನ್ನೊಂದಕ್ಕೂ ನೂರಾರು ವರ್ಷಗಳ ಅಂತರ. ಇದೇನಪ್ಪ ಅಂತ ನೋಡಿದ್ರೆ ಅದು ಸುಮಾರು ಕ್ರಿ.ಪೂ. 530ರ ಹೊತ್ತಿನ ಮ್ಯೂಸಿಯಂ, ಬ್ಯಾಬಿಲೋನಿನ ರಾಜ ನಬೊನೈಡಸ್‌ನ ಮಗಳು ಎನ್ನಿಗಾಲ್ಡಿ ನೋಡ್ಕೊಳ್ತಿದ್ದಿದ್ದು ಅಂತಾರೆ. ಅಲ್ಲಿ ಲೇಬಲ್ಲೂ ಇತ್ತು! ಮಣ್ಣಿನ ಸಣ್ಣ ಉರುಳೆ ಮೇಲೆ ಹಳೇ ಇಟ್ಟಿಗೆಯ ಬರಹವನ್ನ ನಕಲು ಮಾಡಿ, ಇದು ಎಲ್ಲಿ ಸಿಕ್ತು ಅಂತ ಬರೆದಿಟ್ಟಿದ್ರು. ಎರಡೂವರೆ ಸಾವಿರ ವರ್ಷದ ಹಿಂದೆ ಎಲ್ಲಿ ಸಿಕ್ತು ಅಂತ ಹೇಳೋ ವ್ಯವಧಾನ ಇತ್ತು, ನಮಗೆ ಸಿಕ್ಕಿದ್ದು "ಮಡಕೆ".

ಇರ್ಲಿ, ಯಂತ್ರದ ವಿಷಯಕ್ಕೆ ಬರ್ತೀನಿ.

ಶಿಲಾಯುಗದ ಹಾಲ್‌ನಲ್ಲಿ ಭಾವ ಎಂದಿನಂತೆ ಪಟಪಟ ಅಂತ ಲೇಬಲ್ ಹೊಡ್ಕೊಂಡು ಹೋಗ್ತಿದ್ದೋರು ಒಂದು ಪೆಟ್ಟಿಗೆ ಮುಂದೆ ಗಕ್ಕನೆ ನಿಂತ್ರು. ಒಳಗೆ ಒಂದು ಕಡೆ ಕಲ್ಲಿನ ಕೊಡಲಿ, ಇನ್ನೊಂದು ಕಡೆ ಮೂಲೇಲಿ ಒಂದು ವಿಚಿತ್ರ ಯಂತ್ರ. ಡಬ್ಬಿ ಥರದ ಉರುಳೆ, ಅದಕ್ಕೆ ಸುತ್ತಿರೋ ಗೀಟಿನ ಕಾಗದ, ಕಾಗದದ ಮೇಲೆ ಎರಡು ತೆಳ್ಳಗಿನ ಕಡ್ಡಿ ಕೂತ್ಕೊಂಡು ಅಂಕುಡೊಂಕು ಗೆರೆ ಎಳೀತಿವೆ. ಲೇಬಲ್ ಇಲ್ಲ. ಭಾವಂಗೆ ತಳಮಳ ಶುರುವಾಯ್ತು. ಲೇಬಲ್ ಇಲ್ಲದೆ ಯಾವುದರ ಫೋಟೋ ತೆಗೆಯೋದು! ಪೆಟ್ಟಿಗೆ ಎಡಕ್ಕೆ ಹೋದ್ರು, ಬಲಕ್ಕೆ ಹೋದ್ರು, ಬಗ್ಗಿ ಕೆಳಗೆ ನೋಡಿದ್ರು. ಕೊನೆಗೆ ಆ ಪೆಟ್ಟಿಗೇಲಿ ಇದ್ದ ಒಂದೇ ಒಂದು ಲೇಬಲ್ ಓದಿದ್ರು, "ನವಶಿಲಾಯುಗ".

"ನೋಡಿದ್ಯೇನೋ, ಆ ಕಾಲದಲ್ಲೇ ಎಂಥದ್ದು ಮಾಡಿಟ್ಟಿದ್ರು!"

"ಭಾವ, ಅದರಲ್ಲಿ ಗ್ರಾಫ್ ಪೇಪರ್ ಇದೆ."

"ಅದನ್ನೇ ಕಣೋ ನಾನು ಹೇಳ್ತಿರೋದು!"

ಮುಂದೆ ನಾನೇನು ಹೇಳ್ಲಿ? ಸುಮ್ಮನಾದೆ. ಆದ್ರೆ ಮ್ಯೂಸಿಯಂನಲ್ಲಿ ಒಂದು ನಿಯಮ ಇದೆ, ಒಬ್ಬ ಮನುಷ್ಯ ಒಂದು ಪೆಟ್ಟಿಗೆ ಮುಂದೆ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತ್ರೆ ಅದು ಮುಖ್ಯವಾದ ಪೆಟ್ಟಿಗೆ ಅಂತ ಅರ್ಥ. ನೋಡ್ತಾ ನೋಡ್ತಾ ಹಿಂದೆ ಜನ ಸೇರಿದ್ರು. ಒಬ್ಬರು ಮಗೂನ ಹೆಗಲ ಮೇಲೆ ಎತ್ತಿ ತೋರಿಸಿದ್ರು. ಒಂದು ಹೊಸ ಜೋಡಿ ಅದರ ಜೊತೆ ಸೆಲ್ಫಿ ತಗೊಂಡ್ತು, ಪಕ್ಕದಲ್ಲಿದ್ದ ಕೊಡಲಿ ಫ್ರೇಮಿಗೆ ಬರ್ತಿದೆ ಅಂತ ಅದನ್ನ ತಪ್ಪಿಸಿ ಇನ್ನೊಂದು ತಗೊಂಡ್ತು. ಸಾವಿರಾರು ವರ್ಷ ಮಣ್ಣಲ್ಲಿ ಕಾದು ಬಂದ ಕೊಡಲಿ ಪಾಪ. ಅಷ್ಟರಲ್ಲಿ ಚೆಕ್ಸ್ ಶರ್ಟ್ ಹಾಕಿದ್ದ ಒಬ್ಬರು ತೀರ್ಪು ಕೊಟ್ರು, "ಇದು ಭೂಕಂಪ ಅಳೆಯೋ ಯಂತ್ರ, ನಾನು ಪುಸ್ತಕದಲ್ಲಿ ನೋಡಿದೀನಿ." ಹೇಳಿ ಸುಮ್ಮನಿದ್ರಾ, ಟೆಸ್ಟ್ ಮಾಡೋಕೆ ನೆಲಕ್ಕೆ ದಬ್ ಅಂತ ಕಾಲು ಅಪ್ಪಳಿಸಿದ್ರು. ಎಲ್ಲರೂ ಕಡ್ಡಿ ನೋಡಿದ್ರು. ಅಲ್ಲಾಡ್ಲಿಲ್ಲ. "ಜೋರಾಗಿ ಹಾಕ್ಬೇಕು ಸಾರ್," ಅಂದ್ರು ನಮ್ಮ ಭಾವ, ಅಂದು ತಾವೂ ಒಂದು ಹಾಕಿದ್ರು. ಆಮೇಲೆ ಇಬ್ಬರೂ ಒನ್ ಟೂ ತ್ರೀ ಅಂತ ಹೇಳ್ಕೊಂಡು ಜೊತೆಗೇ. ನಡುವಯಸ್ಸು ದಾಟಿದ ಇಬ್ಬರು ಗೃಹಸ್ಥರು ಶಿಲಾಯುಗದ ಎದುರು ನಿಂತು ಕುಣೀತಿದ್ರೆ ಅಕ್ಕ ನಿಧಾನವಾಗಿ ಲೋಹಯುಗದ ಕಡೆ ಸರ್ಕೊಂಡ್ಲು.

ಮೂರನೇ ರೌಂಡಿಗೆ ಸೆಕ್ಯೂರಿಟಿಯವರು ಓಡಿ ಬಂದ್ರು. "ಸಾರ್, ಏನ್ ಸಾರ್ ಇದು! ಅದು ತೇವ ಅಳೆಯೋ ಮಿಷಿನ್ನು. ಪ್ರದರ್ಶನಕ್ಕಲ್ಲ."

ಆ ಹಾಲ್‌ನಲ್ಲಿ ಇನ್ನೂ ಕೆಲಸ ಮಾಡ್ತಾ ಇದ್ದ ಏಕೈಕ ವಸ್ತು ಅದೇ ಆಗಿದ್ದಕ್ಕೆ ಜನಕ್ಕೆ ಇಷ್ಟ ಆಗಿರ್ಬೇಕು. ಗಾಳೀಲಿ ತೇವ ಎಷ್ಟಿದೆ, ಸೆಕೆ ಎಷ್ಟಿದೆ ಅಂತ ವಾರಗಟ್ಟಲೆ ಗೆರೆ ಎಳೀತಾ ಕೂರತ್ತೆ, ಯಾಕಂದ್ರೆ ತೇವ ಏರಿಳಿದ್ರೆ ಮರ ಬಿರುಕು ಬಿಡತ್ತೆ, ಲೋಹ ತುಕ್ಕು ಹಿಡಿಯತ್ತೆ, ಕಾಗದಕ್ಕೆ ಬೂಸ್ಟು ಬರತ್ತೆ. ಅದರೊಳಗೆ ತೇವ ಗುರುತಿಸೋದು ಏನು ಗೊತ್ತಾ? ಕೂದಲು. ಮನುಷ್ಯರ ಕೂದಲು! ತೇವ ಜಾಸ್ತಿ ಆದ್ರೆ ಕೂದಲು ಚೂರು ಉದ್ದ ಆಗತ್ತೆ, ಒಣಗಿದ್ರೆ ಕುಗ್ಗತ್ತೆ, ಅದಕ್ಕೆ ಕಡ್ಡಿ ಕಟ್ಟಿರ್ತಾರೆ. ಜಿನೀವಾದ ಸೋಸ್ಯೂರ್ ಅನ್ನೋ ವಿಜ್ಞಾನಿ 1783ರಲ್ಲೇ ಈ ಕೂದಲಿನ ಉಪಾಯದ ಬಗ್ಗೆ ಬರೆದಿದ್ರು. ಇದನ್ನ ಹೇಳಿದಾಗ ಭಾವ ತಲೆ ಸವರ್ಕೊಂಡ್ರು. ಒಂದು ಮಿಷಿನ್ನಿಗೆ ಆಗೋಷ್ಟೂ ಅಲ್ಲಿ ಉಳಿದಿಲ್ಲ ಅನ್ನೋದು ಬೇರೆ ಮಾತು.

ಆದ್ರೂ ನನಗೆ ಒಂದು ಅನ್ಸತ್ತೆ. ಮ್ಯೂಸಿಯಂ ಅಂದ್ರೆ ಕಿರೀಟ, ಕತ್ತಿ, ಸಿಂಹಾಸನ ಅಂತ ನಾವು ಹೋಗ್ತೀವಿ, ಮನಸ್ಸಲ್ಲಿ ಉಳಿಯೋದು ಇಂಥ ಚಿಲ್ಲರೆ ಸಾಮಾನೇ. ರೊಸೆಟ್ಟಾ ಕಲ್ಲು ಅಂತ ಎಲ್ಲರೂ ಹೇಳ್ತಾರಲ್ಲ, ಈಜಿಪ್ಟಿನ ಚಿತ್ರಲಿಪಿ ಓದೋಕೆ ಕೀಲಿಕೈ ಆದ ಕಲ್ಲು, ಅದರಲ್ಲಿ ಏನೋ ಮಹಾ ರಹಸ್ಯ ಇದೆ ಅಂದ್ಕೊಂಡ್ರೆ ಅದೊಂದು ಸರ್ಕಾರಿ ಸುತ್ತೋಲೆ. ಕ್ರಿ.ಪೂ. 196ರಲ್ಲಿ ಪುರೋಹಿತರು ಹೊರಡಿಸಿದ್ದು, ರಾಜರು ದೇವಸ್ಥಾನಗಳಿಗೆ ತೆರಿಗೆ ವಿನಾಯಿತಿ ಕೊಟ್ಟಿದ್ದಾರೆ, ಆದ್ದರಿಂದ ರಾಜರಿಗೆ ಜೈ, ಇದನ್ನ ಮೂರು ಲಿಪೀಲಿ ಕೆತ್ತಿಸಿ ನಿಲ್ಲಿಸತಕ್ಕದ್ದು. ಆ ಕಲ್ಲು ಇರೋ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೇ ಅಂಗೈಲಿ ಹಿಡಿಯೋ ಅಷ್ಟು ಸಣ್ಣ ಒಂದು ಮಣ್ಣಿನ ಹಲಗೆ ಇದೆ, ಸುಮಾರು ಕ್ರಿ.ಪೂ. 1750ರದ್ದು. ನನ್ನಿ ಅನ್ನೋ ಗಿರಾಕಿ ಏಯ-ನಾಸಿರ್ ಅನ್ನೋ ವ್ಯಾಪಾರಿಗೆ ಬೈದು ಬರೆದಿರೋ ಪತ್ರ, ಒಳ್ಳೇ ತಾಮ್ರ ಕೊಡ್ತೀನಿ ಅಂದು ಕೆಟ್ಟ ತಾಮ್ರ ತೋರಿಸಿದ್ಯ, ನನ್ನ ಕಡೆಯವರನ್ನ ಮರ್ಯಾದೆ ಇಲ್ಲದೆ ವಾಪಸ್ ಕಳಿಸಿದ್ಯ, ನನ್ನ ಏನಂದ್ಕೊಂಡಿದ್ಯ ಅನ್ನೋ ಧಾಟಿ. ಒದ್ದೆ ಮಣ್ಣಲ್ಲಿ ಕಡ್ಡಿ ಒತ್ತಿ ಒತ್ತಿ ಎರಡೂ ಬದಿ ತುಂಬ ಬೈದಿದ್ದಾರೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಒಂದು ಒತ್ತಿ, ಎರಡು ಒತ್ತಿ ಅಂತ ಸುಸ್ತಾದ ನಾವು ಈ ನನ್ನಿಗೆ ಸಾಷ್ಟಾಂಗ ಹಾಕ್ಬೇಕು.

ಇಂಗ್ಲೆಂಡಿನ ವಿಂಡೊಲ್ಯಾಂಡ ಅನ್ನೋ ರೋಮನ್ ಕೋಟೇಲಿ ಸಿಕ್ಕಿರೋ ಒಂದು ಮರದ ಚಕ್ಕೆ ಇನ್ನೂ ಮುದ್ದು. ಯಾರೋ ಯಾರಿಗೋ ಬರೆದಿದ್ದು, ನಿನಗೆ ಕಾಲುಚೀಲ ಕಳಿಸಿದೀನಿ, ಎರಡು ಜೊತೆ ಚಪ್ಪಲಿ, ಎರಡು ಒಳಚಡ್ಡಿ. ರೋಮನ್ ಸಾಮ್ರಾಜ್ಯ ಹೋಯ್ತು, ಒಳಚಡ್ಡಿ ಲೆಕ್ಕ ಉಳೀತು. ಕಳಿಸಿದ್ದು ಅಮ್ಮನೋ, ಅಕ್ಕನೋ, ಗೆಳೆಯನೋ ಗೊತ್ತಿಲ್ಲ, ಆದ್ರೆ ದೂರದ ಚಳೀಲಿ ಇರೋವ್ರ ಕಾಲು ಬೆಚ್ಚಗಿರ್ಲಿ ಅಂತ ಯಾರಿಗೋ ಅನ್ಸಿತ್ತಲ್ಲ.

ಭಾನುವಾರವೂ ಇದೇ ಥರ ಒಂದಾಯ್ತು. ಅಕ್ಕನ ಮಗಳು, ಎರಡನೇ ಕ್ಲಾಸು, ಓದೋ ಗೋಜಿಗೇ ಹೋಗದೆ ಒಂದು ಮಡಕೆ ಮುಂದೆ ಮೂಗು ಗಾಜಿಗೆ ಅಂಟಿಸ್ಕೊಂಡು ನಿಂತಿದ್ಲು. "ಮಾಮ, ಇದನ್ನ ಒಡೆದಿದ್ದು ಯಾರು? ಬೈಸ್ಕೊಂಡ್ರಾ?" ಲೇಬಲ್‌ನಲ್ಲಿ ಉತ್ತರ ಇಲ್ಲ. ಆದ್ರೆ ಅವಳು ಕೇಳಿದ್ದಕ್ಕೇ ನಾನು ಸರಿಯಾಗಿ ನೋಡಿದ್ದು, ಬಿರುಕಿನ ಆಕಡೆ ಈಕಡೆ ಪುಟ್ಟ ಪುಟ್ಟ ತೂತು ಕೊರೆದಿದ್ದಾರೆ. ಒಡೆದ ಮೇಲೆ ದಾರವೋ ತೊಗಲೋ ಪೋಣಿಸಿ ಹೊಲಿದಿದ್ದಾರೆ! ಆಮೇಲೆ ಅದರಲ್ಲಿ ನೀರಂತೂ ನಿಲ್ತಿರ್ಲಿಲ್ಲ, ಹೆಚ್ಚಂದ್ರೆ ಕಾಳು ಹಾಕಿಡಬಹುದಿತ್ತು. ಆದ್ರೂ ಬಿಸಾಕೋಕೆ ಮನಸ್ಸು ಬಂದಿಲ್ಲ ಯಾರಿಗೋ. ನಾವಿಬ್ಬರೂ ಅಲ್ಲೇ ತೂತು ಎಣಿಸ್ತಾ ನಿಂತ್ವಿ, ಭಾವ ಹಿಂದಿನಿಂದ ಕೈ ತೂರಿಸಿ ಕ್ಲಿಕ್ ಮಾಡ್ಕೊಂಡು ಮುಂದೆ ಹೋದ್ರು. ಅದೇ "ಮಡಕೆ (ಒಡೆದದ್ದು)". ಹುಡುಕಿದೆ, ಆ ಹೊಲಿಗೆ ಗ್ರೂಪಿನ ಯಾವ ಫೋಟೋದಲ್ಲೂ ಇಲ್ಲ.

ಮ್ಯೂಸಿಯಂಗೂ ಫೋಟೋಗೂ ಮೊದಲಿಂದ ಆಗಿಬರಲ್ಲ ಅನ್ಸತ್ತೆ. 1911ರ ಆಗಸ್ಟಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಿಂದ ಮೊನಾಲಿಸಾ ಚಿತ್ರ ಕಳುವಾದಾಗ ಗೋಡೆ ಖಾಲಿ ಇರೋದು ಕಂಡ್ರೂ ಕಾವಲಿನವರು ಗಾಬರಿ ಆಗ್ಲಿಲ್ಲವಂತೆ, ಫೋಟೋ ತೆಗೆಯೋಕೆ ತಗೊಂಡು ಹೋಗಿರ್ತಾರೆ ಅಂತ. ಆಮೇಲೆ ಆ ಖಾಲಿ ಗೋಡೆ ನೋಡೋಕೆ ಜನ ಕ್ಯೂ ನಿಂತ್ರು. ಇನ್ನು 2014ರಲ್ಲಿ ಲಿಂಡಾ ಹೆಂಕೆಲ್ ಅನ್ನೋ ಮನಶ್ಶಾಸ್ತ್ರಜ್ಞೆ ಒಂದು ಅಧ್ಯಯನ ಪ್ರಕಟಿಸಿದ್ರು, ಮ್ಯೂಸಿಯಂನಲ್ಲಿ ಫೋಟೋ ತೆಗೆದ ವಸ್ತುಗಳು ಸುಮ್ಮನೆ ನೋಡಿದ ವಸ್ತುಗಳಿಗಿಂತ ಕಮ್ಮಿ ನೆನಪಿರತ್ತೆ, ಆದ್ರೆ ಒಂದು ಭಾಗವನ್ನ ಝೂಮ್ ಮಾಡಿ ತೆಗೆದ್ರೆ ಅಷ್ಟು ಮರೆಯಲ್ಲ ಅಂತ. ವಾಪಸ್ ಬರೋ ದಾರೀಲಿ ಭಾವಂಗೆ ಮೊಬೈಲಲ್ಲಿ ಇದನ್ನ ತೋರಿಸ್ದೆ. ಇಂಟರೆಸ್ಟಿಂಗ್ ಆಗಿದೆ ಕಣೋ ಅಂದು, ನನ್ನ ಸ್ಕ್ರೀನಿನ ಫೋಟೋ ತೆಗೆದ್ಕೊಂಡ್ರು.

ಹೊರಡೋಕೆ ಮುಂಚೆ ಬಾಗಿಲ ಹತ್ರ ಸಲಹಾ ಪುಸ್ತಕ ಇತ್ತು. ಪೆನ್ನಿಗೆ ದಾರ ಕಟ್ಟಿದ್ರು, ದಾರ ಪುಸ್ತಕದ ಎಡ ಪುಟದವರೆಗೆ ಮಾತ್ರ ಬರ್ತಿತ್ತು, ಹಾಗಾಗಿ ಬಲ ಪುಟಗಳೆಲ್ಲ ಖಾಲಿ. ಎಡ ಪುಟದ ತುಂಬ "ತುಂಬಾ ಚೆನ್ನಾಗಿದೆ", "ಸೂಪರ್". ನಾನು ಬಿಡ್ಲಿಲ್ಲ. ನನ್ನಿಯನ್ನ ಮನಸ್ಸಲ್ಲಿ ನೆನೆದು ಬರೆದೆ: ಲೇಬಲ್ ಕಣ್ಣೆತ್ತರಕ್ಕೆ ಇಡಿ, ಅಕ್ಷರ ದೊಡ್ಡದು ಮಾಡಿ, ಮಡಕೆ ಅಂತ ಬರೆಯೋ ಬದಲು ಅದು ಎಲ್ಲಿ ಸಿಕ್ತು ಅಂತ ಬರೀರಿ, ಹೊಲಿಗೆ ಬಗ್ಗೆ ಬರೀರಿ, ಮತ್ತೆ ದಯವಿಟ್ಟು ಆ ತೇವ ಅಳೆಯೋ ಯಂತ್ರಕ್ಕೂ ಒಂದು ಲೇಬಲ್ ಹಾಕಿ, ಜನ ಕುಣೀತಿದ್ದಾರೆ.

ಆ ಸೆಕ್ಯೂರಿಟಿಯವರು ಪಕ್ಕದಲ್ಲೇ ನಿಂತು ಓದ್ತಿದ್ರು. ಕೊನೇ ಸಾಲಿಗೆ ಬಂದು ತಲೆ ಅಲ್ಲಾಡಿಸಿದ್ರು.

"ಹಾಕಿದ್ವಿ ಸಾರ್ ಮೊದಲು. ಅದರಲ್ಲಿ ಮನುಷ್ಯರ ಕೂದಲಿದೆ ಅಂತ ಬರೆದಿತ್ತು. ಆಮೇಲೆ ಜನ ಕೊಡಲಿ ನೋಡೋದೇ ಬಿಟ್ಬಿಟ್ರು, ಯಾರ ಕೂದಲು ಯಾರ ಕೂದಲು ಅಂತ ನನ್ನ ಪ್ರಾಣ ತಿಂತಿದ್ರು. ಅದಕ್ಕೇ ಕಿತ್ತಾಕಿದ್ದು."