15 ಗಂಟೆ 10 ನಿಮಿಷದ ಅಮೆರಿಕ

ಮಂಗಳೂರಿನಿಂದ ನ್ಯೂಯಾರ್ಕಿಗೆ ವಿಮಾನದಲ್ಲಿ ಎಷ್ಟು ಹೊತ್ತು? 15 ಗಂಟೆ 10 ನಿಮಿಷ. ದೂರ ಸುಮಾರು 13,200 ಕಿ.ಮೀ. ಮೊಬೈಲಿನಲ್ಲಿ ಎರಡು ಊರಿನ ಹೆಸರು ಒತ್ತಿದರೆ ಸಾಕು, ಉತ್ತರ ತಯಾರು. ಜೊತೆಗೊಂದು ಭೂಪಟ, ಅದರ ಮೇಲೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಿಂದ ಎದ್ದು ಅಟ್ಲಾಂಟಿಕ್ ದಾಟುವ ಚೆಂದದ ಕೆಂಪು ಗೆರೆ. ಇಲ್ಲದ್ದು ಒಂದೇ, ವಿಮಾನ.

ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಭೂಗೋಳದ ಮೇಲೆ ಎರಡೂ ಊರಿನ ನಡುವಿನ ಅತಿ ಹತ್ತಿರದ ದಾರಿ ಅಳೆಯುವುದು, ಗಂಟೆಗೆ 900 ಕಿ.ಮೀ.ನಂತೆ ಭಾಗಿಸುವುದು, ಏರಲಿಕ್ಕೆ ಇಳಿಯಲಿಕ್ಕೆ ಅಂತ ಅರ್ಧ ಗಂಟೆ ಸೇರಿಸುವುದು. ಗುಡ್ಡದ ನೆತ್ತಿ ಸವರಿ ಮಾಡಿದ ನಮ್ಮ 2,450 ಮೀಟರ್ ರನ್‌ವೇಯಿಂದ ಅಮೆರಿಕದ ತನಕ ಇಂಧನ ಹೊತ್ತ ವಿಮಾನ ಎದ್ದೀತೇ ಅಂತ ಗೆರೆ ಕೇಳುವುದಿಲ್ಲ. ಅದು ಹಾದುಹೋಗುವುದು ಸಿಂಧ್ ಪ್ರಾಂತ್ಯದ ಮೇಲೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶದ ಬಾಗಿಲು ಹಾಕಿದ ಸುದ್ದಿ ಅದರ ಕಿವಿಗೆ ಬಿದ್ದಿಲ್ಲ. ಎದುರುಗಾಳಿಯಂತೂ ಲೆಕ್ಕಕ್ಕೇ ಇಲ್ಲ.

ಉಡುಪಿಯ ನಮ್ಮ ನೆರೆಮನೆ ಶೆಟ್ರು ಈ ಗೆರೆಯನ್ನು ನಂಬಿದವರು. ಕೋರಿ ರೊಟ್ಟಿ ಪುಡಿಯಾಗದ ಹಾಗೆ ಬಿಸ್ಕತ್ತಿನ ಡಬ್ಬಿಯೊಳಗೆ ಪದರಕ್ಕೊಂದು ಪೇಪರ್ ಹಾಸಿ ಜೋಡಿಸುತ್ತಾ, "ಬೆಳಿಗ್ಗೆ ಹತ್ತಿ ಕೂತ್ರೆ ರಾತ್ರಿ ಊಟ ಮಗನ ಮನೆಯಲ್ಲಿ ಮಾರಾಯ್ರೆ" ಅಂದರು. ಟಿಕೆಟ್ ಓದಿದ ಅವರ ಹೆಂಡತಿಗೆ ಮಾತ್ರ ಸಂಶಯ: "ಅಮೆರಿಕ ಸಮುದ್ರದ ಬದಿಗಲ್ವಾ? ಮತ್ತೆ ಇವರು ನಮ್ಮನ್ನು ಬೆಂಗಳೂರಿಗೆ ಯಾಕೆ ಕೊಂಡುಹೋಗುದು?"

ಸರಿಯಾದ ಪ್ರಶ್ನೆ. ಈ ಟಿಕೆಟ್ಟಿನ ಪ್ರಕಾರ ಪಶ್ಚಿಮಕ್ಕೆ ಹೋಗಬೇಕಾದವರು ಮೊದಲು 300 ಕಿ.ಮೀ. ಪೂರ್ವಕ್ಕೆ ಹಾರಬೇಕು, ಅಲ್ಲಿ ಆಕಳಿಸುತ್ತಾ ಕೂರಬೇಕು, ಆಮೇಲೆ ದುಬೈ ವಿಮಾನ ಹತ್ತಿ ಬಿಟ್ಟುಬಂದ ಕರಾವಳಿಯನ್ನೇ ಮತ್ತೆ ದಾಟಬೇಕು. ದುಬೈಯಲ್ಲಿ ಇನ್ನೊಮ್ಮೆ ಇಳಿದು ಹತ್ತುವ ಹೊತ್ತಿಗೆ ಆ 15 ಗಂಟೆ ಎಲ್ಲಿ ಹೋಯಿತು ಅಂತ ದೇವರಿಗೇ ಗೊತ್ತು.

ಅಮೆರಿಕ ಇರಲಿ, ಉಡುಪಿಯಿಂದ ಬಜಪೆಗೆ ಎಷ್ಟು ಹೊತ್ತು? ಹೆಚ್ಚುಕಡಿಮೆ 60 ಕಿ.ಮೀ. ಹೆಜಮಾಡಿ ಟೋಲ್, ಬೈಕಂಪಾಡಿಯ ಲಾರಿ ಸಾಲು, ಕೂಳೂರು ಸೇತುವೆ ಮೂರನ್ನೂ ಭಾಗಿಸಿ ನಿಮಿಷಕ್ಕಿಳಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಟ್ಯಾಕ್ಸಿಯವನನ್ನು ಕೇಳಿದರೆ "ಹೋಗುವ, ನೋಡುವ" ಅನ್ನುತ್ತಾನೆ. ಇಡೀ ಪ್ರಯಾಣದಲ್ಲಿ ಸಿಗುವ ಪ್ರಾಮಾಣಿಕ ಉತ್ತರ ಇದೊಂದೇ.

ಅದೇ ಸೂತ್ರಕ್ಕೆ ಬಜಪೆಯಿಂದ ಬಜಪೆಗೆ ಅಂತ ಹಾಕಿ ನೋಡಿ. ದೂರ ಸೊನ್ನೆ, ಹಾರಾಟದ ಸಮಯ ಅರ್ಧ ಗಂಟೆ! ನಗಬೇಡಿ, ಮಳೆಗಾಲದಲ್ಲಿ ಈ ಲೆಕ್ಕ ಮಾತ್ರ ಸರಿಯಾಗುವುದುಂಟು. ಮೋಡ ಮುಸುಕಿ ರನ್‌ವೇ ಕಾಣದೆ ಹೋದರೆ ವಿಮಾನ ಬಜಪೆಯ ಮೇಲೇ ಸುತ್ತು ಹಾಕುತ್ತಾ ಇರುತ್ತದೆ, ಆಮೇಲೆ ಕಣ್ಣೂರಿಗೋ ಕೊಚ್ಚಿಗೋ ಹೋಗಿ ಇಳಿಯುತ್ತದೆ.